ಯಾರೂ ಕೇಳದ ಮಾಲು

ಮುಚ್ಚಳ ತೆಗೆಯಬಾರದು ಎಂದು ಗೊತ್ತಿದ್ದೂ ಹಲ್ಲಿನವನು ಮತ್ತೊಮ್ಮೆ ತೆಗೆದ. ಆವಿ ಮುಖಕ್ಕೆ ಹೊಡೆದು ಕನ್ನಡಕ ಮಂಜಾಯಿತು. ಅಂಗಿಯ ಚುಂಗಿನಿಂದ ಅದನ್ನು ಒರೆಸಿಕೊಂಡು, ಚಾಕುವಿನ ತುದಿಯಿಂದ ಮೇಲಿನದೊಂದು ಆಲೂಗಡ್ಡೆ ಬಿಲ್ಲೆಯನ್ನು ಚುಚ್ಚಿದ. ಚಾಕು ಸಲೀಸಾಗಿ ಇಳಿಯಲಿಲ್ಲ. ಇನ್ನೂ ಹೊತ್ತಿದೆ, ಅಕ್ಕ ಬರುವುದು ಮಧ್ಯಾಹ್ನಕ್ಕೆ ಎಂದು ತನಗೇ ಸಮಾಧಾನ ಹೇಳಿಕೊಂಡು ಮುಚ್ಚಿದ. ಸ್ಲೋ ಕುಕ್ಕರ್ ಎಂಬ ಈ ಯಂತ್ರ ಕೂಗುವುದಿಲ್ಲ, ಕುದಿಯುವುದಿಲ್ಲ, ಹೊಟ್ಟೆಯೊಳಗೆ ಏನು ನಡೆಸುತ್ತಿದೆ ಎಂದು ಬಾಯಿ ಬಿಡುವುದೂ ಇಲ್ಲ. ಗಾಜಿನ ಮುಚ್ಚಳವೇನೋ ಕೊಟ್ಟಿದ್ದಾರೆ, ಆದರೆ ಸ್ವಲ್ಪ ಹೊತ್ತಿಗೆ ಅದು ಬೆವರಿ ಕುರುಡಾಗುತ್ತದೆ. ಒಂದು ಸಲ ತೆಗೆದರೆ ಒಳಗಿನ ಕಾವು ಮತ್ತೆ ಏರುವುದಕ್ಕೆ ಅರ್ಧ ಗಂಟೆ ಬೇಕು ಎಂದು, ಅದನ್ನು ಕಳಿಸಿಕೊಟ್ಟ ಅಕ್ಕ ಫೋನಿನಲ್ಲಿ ಒತ್ತಿ ಒತ್ತಿ ಹೇಳಿದ್ದಳು. ಅಮ್ಮನಿಗೆ ಇದು ಯಾರೂ ಹೇಳದೆ ಗೊತ್ತಿತ್ತು. ಅವಳು ಕೆಂಡದ ಮೇಲಿನ ಪಾತ್ರೆಗೆ ಮುಚ್ಚಳ ಹಾಕಿ ಅದರ ಮೇಲೊಂದು ಗುಂಡುಕಲ್ಲು ಇಡುತ್ತಿದ್ದಳು. ಕಲ್ಲು ಮುಚ್ಚಳವನ್ನು ಬಿಗಿಮಾಡುವುದಕ್ಕಲ್ಲ, ಮನೆಯವರ ಕೈ ತಡೆಯುವುದಕ್ಕೆ.

ಇವತ್ತಿನ ಊಟ ನೆಟ್ಟಗೆ ಮುಗಿದರೆ ಸಂಜೆಯ ಹೊತ್ತಿಗೆ ಅಪ್ಪ ಈ ಮನೆಯಲ್ಲಿ ಇರುವುದಿಲ್ಲ. ಬೆಳಗಿನಿಂದ ಈ ಮಾತನ್ನು ಅವನು ಮನಸ್ಸಿನಲ್ಲೇ ಹಲವು ಸಲ ಹೇಳಿಕೊಂಡಿದ್ದ. ಹೇಳಿಕೊಂಡಾಗಲೆಲ್ಲ ಎದೆ ಹಗುರಾಗಿ, ಮರುಕ್ಷಣವೇ ಭಯವಾಗಿ, ಕೈ ತಾನಾಗಿ ಮುಚ್ಚಳದ ಕಡೆ ಹೋಗುತ್ತಿತ್ತು. ಅಮ್ಮ ಸತ್ತಾಗಿನಿಂದ ಅಪ್ಪ ಇವನ ಪಾಲು. ಮದುವೆಯಾಗದವನಿಗೆ ಇನ್ನೇನು ಕೆಲಸ ಎಂದು ನೆಂಟರು ಒಂದೇ ಮಾತಿನಲ್ಲಿ ಪಂಚಾಯಿತಿ ಮುಗಿಸಿದ್ದರು. ಅಕ್ಕ ಫೋನು ಮಾಡುತ್ತಿದ್ದಳು, ಔಷಧಿ ಕಳಿಸುತ್ತಿದ್ದಳು, ಅಪ್ಪನ ಉಳಿದ ಹಲ್ಲನ್ನೆಲ್ಲ ಕಿತ್ತರೆಂದು ಕೇಳಿ ಈ ಕುಕ್ಕರನ್ನೂ ಕಳಿಸಿದಳು. ಕರೆದುಕೊಂಡು ಹೋಗುವ ಮಾತನ್ನು ಮಾತ್ರ ಎತ್ತುತ್ತಿರಲಿಲ್ಲ. ಹೋದ ವಾರ ಇವನೇ ಎತ್ತಿದ. "ಈಗ ಮೊದಲಿನ ಹಾಗಿಲ್ಲ ಅಕ್ಕ. ಮಾತೇ ಆಡಲ್ಲ. ಕೊಟ್ಟಿದ್ದು ತಿಂತಾರೆ, ಕೂರಿಸಿದ ಕಡೆ ಕೂರ್ತಾರೆ," ಎಂದ. ಅಕ್ಕ, "ಮಾತೇ ಆಡಲ್ವಾ?" ಎಂದು ಮೆಲ್ಲಗೆ ಕೇಳಿದಳು. "ಬಾಯಿದ್ರೆ ತಾನೇ ಮಾತು," ಎಂದ ಇವನು. "ಸರಿ, ಬಂದು ಕಣ್ಣಾರೆ ನೋಡ್ತೀನಿ. ನೀನು ಹೇಳಿದ್ದು ನಿಜ ಆದ್ರೆ ಅವತ್ತೇ ಕರ್ಕೊಂಡು ಹೋಗ್ತೀನಿ," ಎಂದಳು ಅಕ್ಕ. ಅವಳಿಗೂ ಒಂದು ಮನಸ್ಸಾಕ್ಷಿ ಇತ್ತು. ಅದು ಸಮಾಧಾನವಾಗಬೇಕಾದರೆ ಅಪ್ಪ ಮೂಕನಾಗಿರಬೇಕಿತ್ತು, ಅಷ್ಟೆ.

ಬಾಯಿ ಇರಲಿಲ್ಲವೆಂದಲ್ಲ. ಬಾಯಿ ಮುಂದಿನ ಕೋಣೆಯ ಡ್ರಾಯರಿನಲ್ಲಿ, ಪ್ಲಾಸ್ಟಿಕ್ ಡಬ್ಬಿಯ ನೀರಿನಲ್ಲಿ ಮುಳುಗಿ ಕೂತಿತ್ತು. ಹಲ್ಲುಸೆಟ್ಟು ಮಾಡುವುದು ಇವನ ಕಸುಬು. ಮುಂದಿನ ಕೋಣೆಯ ತುಂಬ ಬೇರೆಯವರ ಬಾಯಿಯ ಪ್ಲಾಸ್ಟರ್ ಅಚ್ಚುಗಳು, ಗುಲಾಬಿ ಬಣ್ಣದ ಮೇಣ, ಉಜ್ಜುವ ಯಂತ್ರ, ಎಷ್ಟು ಗುಡಿಸಿದರೂ ಹೋಗದ ಬಿಳಿ ಧೂಳು. ದಂತವೈದ್ಯರು ಅಚ್ಚು ಕಳಿಸುತ್ತಾರೆ, ಇವನು ಹಲ್ಲು ಕೂರಿಸಿ ಕಳಿಸುತ್ತಾನೆ, "ನಮ್ಮ ಹುಡುಗ ಮಾಡಿದ್ದು" ಎಂದು ಅವರು ರೋಗಿಯ ಬಾಯಿಗೆ ಹಾಕುತ್ತಾರೆ. ಹುಡುಗನಿಗೆ ತಲೆಯೆಲ್ಲ ಬೆಳ್ಳಗಾಗಿತ್ತು. ಬೀದಿಯಲ್ಲಿ ಯಾರಾದರೂ ನಕ್ಕರೆ ಇವನಿಗೆ ಮನುಷ್ಯನ ಗುರುತು ಹತ್ತುವ ಮೊದಲು ತನ್ನ ಕೆಲಸದ ಗುರುತು ಹತ್ತುತ್ತಿತ್ತು. ಸೆಟ್ಟು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಜನ ಕಡಿದು ನೋಡುತ್ತಾರೆ. ಕಡಿಯುವಾಗ ಎಂಥ ಕಳಪೆ ಸೆಟ್ಟೂ ಒತ್ತಿಕೊಂಡು ಕೂರುತ್ತದೆ, ಅದೇನು ದೊಡ್ಡ ಪರೀಕ್ಷೆಯಲ್ಲ. ನಗಿಸಿ ನೋಡಬೇಕು. ಬಾಯಿ ತುಂಬ ನಕ್ಕಾಗ ಮೇಲಿನ ಸೆಟ್ಟು ಜಾರದೆ ನಿಂತರೆ ಅದು ಕೆಲಸ. ಅಪ್ಪನ ಸೆಟ್ಟನ್ನು ಇವನು ತನ್ನ ಆಯುಷ್ಯದಲ್ಲಿ ಬೇರೆ ಯಾವುದಕ್ಕೂ ಪಡದಷ್ಟು ಶ್ರಮಪಟ್ಟು ಮಾಡಿದ್ದ. ಅಪ್ಪನ ಹಳೆಯ ಕೋರೆಹಲ್ಲಿಗಿದ್ದ ಸಣ್ಣ ವಾರೆಯನ್ನೂ ಬಿಡದೆ ತಂದಿದ್ದ. ಮುಗಿಸಿ, ಮಿರುಗು ಕೊಟ್ಟು, ನೀರಿಗೆ ಹಾಕಿ, ಡ್ರಾಯರು ಮುಚ್ಚಿದ. ನಾಳೆ ಕೊಟ್ಟರಾಯಿತು ಎಂದುಕೊಂಡ. ಆ ನಾಳೆ ಬಂದು ಬಂದು ಹೋಗಿ ಈಗ ಮಳೆಗಾಲವೇ ಕಳೆದಿತ್ತು.

ಅಚ್ಚು ತೆಗೆದ ದಿನ ಮಾತ್ರ ಅವನಿಗೆ ಮರೆಯುತ್ತಿರಲಿಲ್ಲ. ವೈದ್ಯರಲ್ಲಿಗೆ ಯಾಕೆ, ನಾನೇ ತೆಗೀತೀನಿ ಎಂದು ಅಪ್ಪನನ್ನು ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂರಿಸಿ, ತಲೆ ಹಿಂದಕ್ಕೆ ಒರಗಿಸಿ, ದವಡೆಯಾಕಾರದ ಪುಟ್ಟ ತಟ್ಟೆಯಲ್ಲಿ ಹಿಟ್ಟಿನಂಥ ಅಂಟು ತುಂಬಿ ಬಾಯಿಗೆ ಒತ್ತಿದ್ದ. ಆ ಬಾಯಿಯೊಳಗೆ ತನ್ನ ಕೈ ಹೋಗುತ್ತದೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಮೆತ್ತಗೆ, ಬೆಚ್ಚಗೆ, ಎಲ್ಲರ ಬಾಯಿಯ ಹಾಗೇ ಇತ್ತು. ಅಪ್ಪನಿಗೆ ಓಕರಿಕೆ ಬಂದು ಕಣ್ಣಲ್ಲಿ ನೀರು ಇಳಿಯಿತು, ಮುದಿ ಕೈ ಮೇಲೆದ್ದು ಇವನ ಮಣಿಕಟ್ಟು ಹಿಡಿಯಿತು. "ಮೂಗಲ್ಲಿ ಉಸಿರಾಡಿ ಅಪ್ಪ, ಇನ್ನೊಂದು ಚೂರು," ಎಂದ. ಅಂಟು ಗಟ್ಟಿಯಾದದ್ದು ಬೆರಳಿಗೆ ಗೊತ್ತಾಗಿತ್ತು. ಆದರೂ ಹಿಡಿದುಕೊಂಡೇ ಇದ್ದ. ಅಪ್ಪನ ಗಂಟಲು ಮೇಲೆ ಕೆಳಗೆ ಆಡುವುದನ್ನು ನೋಡುತ್ತಾ, ಇನ್ನೊಂದು ಚೂರು, ಇನ್ನೊಂದು ಚೂರು ಎನ್ನುತ್ತಾ ನಿಂತಿದ್ದ. ತನಗೆ ಸುಖವಾಗುತ್ತಿದೆ ಎಂದು ತಿಳಿದಾಗ ಅವನಿಗೆ ನಾಚಿಕೆಯೇನೋ ಆಯಿತು, ಕೈ ಮಾತ್ರ ಸಡಿಲವಾಗಲಿಲ್ಲ.

ಅಪ್ಪ ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವನು. ಗೋಣಿಚೀಲಗಳ ರಾಶಿಯ ಮೇಲೆ ಹತ್ತಿ ನಿಂತು ಬಾಯಿ ತೆರೆದರೆ ಮೂರು ಬೀದಿಗೆ ಕೇಳಿಸುತ್ತಿತ್ತು. ಮಾಲನ್ನು ಹೊಗಳುತ್ತಾ, ಕೊಳ್ಳುವವರ ಕಾಲೆಳೆಯುತ್ತಾ, ಒಂದು ಸಲ, ಎರಡು ಸಲ, ಮೂರು ಸಲ ಎಂದು ಮುಗಿಸುವ ಆ ಗಂಟಲಿಗೆ ಊರೇ ಮರುಳಾಗಿತ್ತು. ಬೀದಿಗೆ ಬೆಲ್ಲ, ಮನೆಗೆ ಬೇವು ಎಂಬಂಥ ಗಂಡಸಾಗಿದ್ದರೆ ಒಂದು ಲೆಕ್ಕ. ಅಪ್ಪ ಮನೆಯಲ್ಲೂ ಹಾಗೇ ನಗಿಸುತ್ತಿದ್ದ. ನಗುವುದಕ್ಕೆ ಏನಾದರೂ ಬೇಕಲ್ಲ, ಅದಕ್ಕೆ ಮನೆಯವರನ್ನೇ ಹರಾಜಿಗಿಡುತ್ತಿದ್ದ. ಇವನ ಪರೀಕ್ಷೆಯ ಅಂಕ, ಅಮ್ಮನ ಹಳೆಯ ಚಪ್ಪಲಿ, ಅಮ್ಮನ ಅಣ್ಣನ ಕುಂಟು ಕಾಲು, ಎಲ್ಲಕ್ಕೂ ಅಲ್ಲಿ ಬೆಲೆ ಕಟ್ಟುವುದಾಗುತ್ತಿತ್ತು. ಅಮ್ಮ ಒಂದೇ ಒಂದು ಸಲ, "ಮನೆಗೆ ಬಂದ ಮೇಲಾದ್ರೂ ಆ ಬಾಯಿಗೆ ರಜಾ ಕೊಡಿ," ಎಂದಿದ್ದಳು. ಆ ಮಾತನ್ನೂ ಅಪ್ಪ ಮರುದಿನ ನೆಂಟರೆದುರು ಹರಾಜು ಹಾಕಿದ.

ಇಂಥ ಬಾಯಿಗೆ ಕೊನೆಗೂ ರಜೆ ಬಂದಿತ್ತು. ಹಲ್ಲು ಹೋದ ಮೇಲೆ ಅಪ್ಪನ ಮಾತು ಗಾಳಿ ಹೋದ ಚಕ್ರದ ಹಾಗಾಯಿತು. ಮೊದಮೊದಲು ಏನೋ ಹೇಳುವುದಕ್ಕೆ ಹೋಗಿ, ತುಟಿ ಒಳಕ್ಕೆ ಮಡಿಸಿಕೊಂಡು ಪುಸ್ಸೆಂದು, ತನಗೇ ಅಸಹ್ಯವಾಗಿ ಸುಮ್ಮನಾಗುತ್ತಿದ್ದ. ವಾರಕ್ಕೊಮ್ಮೆ ಬೆರಳಿನಿಂದ ಬಾಯಿ ತೋರಿಸಿ, "ನಂದು?" ಎಂದು ಕೇಳುತ್ತಿದ್ದ. "ವಸಡು ಇನ್ನೂ ಒಣಗಿಲ್ಲ ಅಪ್ಪ. ಅವಸರ ಮಾಡಿದ್ರೆ ಹುಣ್ಣಾಗುತ್ತೆ," ಎನ್ನುತ್ತಿದ್ದ ಇವನು, ರೋಗಿಗಳಿಗೆ ಹೇಳುವ ದನಿಯಲ್ಲೇ. ಆಮೇಲಾಮೇಲೆ ಅಪ್ಪ ಕೇಳುವುದನ್ನೂ ಬಿಟ್ಟ. ಮನೆಯಲ್ಲಿ ಗಡಿಯಾರದ ಸದ್ದು ಕೇಳತೊಡಗಿತು. ಆ ಗಡಿಯಾರಕ್ಕೆ ಸದ್ದಿದೆ ಎಂದು ಹಲ್ಲಿನವನಿಗೆ ಗೊತ್ತಾದದ್ದೇ ಆಗ. ಮೊದಲ ಬಾರಿಗೆ ಮನೆಯಲ್ಲಿ ಅವನು ಸಿಳ್ಳೆ ಹಾಕಿದ. ಡಬ್ಬಿಯ ನೀರು ಬದಲಿಸಬೇಕಾದರೆ ಅದನ್ನು ನೋಡಬೇಕಾಗುತ್ತದಲ್ಲ ಎಂದು, ಬಹಳ ದಿನದಿಂದ ಆ ಡ್ರಾಯರನ್ನೇ ಎಳೆದಿರಲಿಲ್ಲ. ಅಕ್ಕ ಅಪ್ಪನನ್ನು ಕರೆದುಕೊಂಡು ಹೋದ ಮೇಲೆ, ಎಲ್ಲ ಅಲ್ಲಿಗೆ ಒಗ್ಗಿದ ಮೇಲೆ, ಸೆಟ್ಟನ್ನು ಅಂಚೆಯಲ್ಲಿ ಕಳಿಸಿದರಾಯಿತು. ಅಷ್ಟು ಹೊತ್ತಿಗೆ ಅಪ್ಪನನ್ನು ಹಿಂದಕ್ಕೆ ಕಳಿಸಲು ಅವಳಿಗೆ ಮುಖ ಇರುವುದಿಲ್ಲ. ಇವತ್ತು ಅಪ್ಪನ ಜೊತೆಗೆ ಕುಕ್ಕರನ್ನೂ ಕಟ್ಟಿಕೊಡುವುದೆಂದು ನಿಶ್ಚಯಿಸಿ, ಅದು ಬಂದ ರಟ್ಟಿನ ಪೆಟ್ಟಿಗೆಯನ್ನು ಆಗಲೇ ಒರೆಸಿ ಇಟ್ಟಿದ್ದ.

ಆಲೂಗಡ್ಡೆಯದು ಅಮ್ಮನ ಅಡುಗೆ. ಹರಾಜಿನಲ್ಲಿ ಯಾರೂ ಕೇಳದ ಮಾಲನ್ನು ಅಪ್ಪ ಚೀಲದಲ್ಲಿ ಮನೆಗೆ ತರುತ್ತಿದ್ದ: ಗೋಲಿಯಷ್ಟು ಸಣ್ಣವು, ಗುದ್ದಲಿ ತಾಗಿ ಸೀಳಿದವು, ಮೊಳಕೆ ಇಣುಕುತ್ತಿದ್ದವು. ಅಮ್ಮ ಕೆಟ್ಟದ್ದನ್ನಷ್ಟೇ ಕೆತ್ತಿ, ಸಿಪ್ಪೆ ಬಿಡಿಸದೆ ತೆಳ್ಳಗೆ ಬಿಲ್ಲೆ ಕೊಯ್ದು, ಒಂದು ಪದರ ಆಲೂಗಡ್ಡೆ, ಒಂದು ಪದರ ಈರುಳ್ಳಿ, ಉಪ್ಪು, ಮೆಣಸಿನ ಪುಡಿ ಎಂದು ಪಾತ್ರೆ ತುಂಬುತ್ತಿದ್ದಳು. ಹಾಲಿಗೆ ಅರ್ಧ ನೀರು ಬೆರೆಸಿ, ಒಡೆಯದಿರಲೆಂದು ಚಿಟಿಕೆ ಹಿಟ್ಟು ಕದಡಿ ಸುರಿದು, ಮೇಲೆ ಒಣಗಿದ ಬ್ರೆಡ್ಡಿನ ಅಂಚು ಮುರಿದು ಹಾಕಿ, ಇದ್ದರೆ ಒಂದು ಚೂರು ಬೆಣ್ಣೆ, ಇಲ್ಲದಿದ್ದರೆ ಇಲ್ಲ. ಮಿಕ್ಕ ಅಡುಗೆ ಮುಗಿದ ಕೆಂಡದ ಮೇಲೆ ಅದು ಬೆಳಗಿನಿಂದ ಮಧ್ಯಾಹ್ನದವರೆಗೆ ಕೂರುತ್ತಿತ್ತು. ಇಂಥ ಅಡುಗೆಗೆ ಖರ್ಚಾಗುವುದು ಹೊತ್ತು ಒಂದೇ, ಹೆಂಗಸಿನ ಹೊತ್ತಿಗೆ ಬೆಲೆ ಕಟ್ಟಿದವರು ಯಾರಿದ್ದಾರೆ ಎನ್ನುತ್ತಿದ್ದಳು ಅಮ್ಮ. ಇವತ್ತು ಬೆಳಗ್ಗೆ ಹಲ್ಲಿನವನು ಅಂಗಡಿಯಲ್ಲಿ ಒಳ್ಳೆಯ ಆಲೂಗಡ್ಡೆಯನ್ನು ಪಕ್ಕಕ್ಕೆ ಸರಿಸಿ, ಸಣ್ಣವನ್ನೇ ಹುಡುಕಿ ಆರಿಸಿದಾಗ ಅಂಗಡಿಯವಳು, "ಅದು ದನಕ್ಕೆ ಹಾಕೋದು," ಎಂದಳು. "ನಮ್ಮನೇಲೂ ಅದಕ್ಕೇ," ಎಂದು ಇವನು ನಕ್ಕ. ಹಲ್ಲಿಲ್ಲದ ಬಾಯಿಗೆ ದಿನಾ ಅದನ್ನೇ ಬಡಿಸುತ್ತಾ ಬಂದಿದ್ದ. ಅಪ್ಪ ಒಂದು ದಿನವೂ ಬೇಡವೆಂದಿರಲಿಲ್ಲ. ಪ್ರತಿ ತುತ್ತಿಗೂ ಇವನು ಅಪ್ಪನ ಮುಖ ನೋಡುತ್ತಿದ್ದ. ನೆನಪಾಗಲಿ ಎಂಬುದು ಇವನ ಆಸೆಯಾಗಿತ್ತು.

ಇವನು ಚಿಕ್ಕವನಾಗಿದ್ದಾಗಿನ ಆ ದಿನವೂ ಹೀಗೇ ಮಧ್ಯಾಹ್ನ. ಮಾರುಕಟ್ಟೆಯ ವ್ಯಾಪಾರಿಗಳು ಊಟಕ್ಕೆ ಬಂದಿದ್ದರು. ಅಮ್ಮ ಬಟ್ಟೆಯಲ್ಲಿ ಹಿಡಿದುಕೊಂಡು ಪಾತ್ರೆ ತಂದು ಮೇಜಿನ ಪಕ್ಕ ನಿಂತಳು. ಇನ್ನೇನು ಬಡಿಸಬೇಕು, ಅಪ್ಪ ಅಂಗೈ ಮೇಲೆತ್ತಿ ತಡೆದ. "ನಿಲ್ಲು. ಸ್ವಾಮಿ, ಎಲ್ಲರೂ ನೋಡಿ. ಮಾರುಕಟ್ಟೆಯಲ್ಲಿ ನಾಯಿಯೂ ಮೂಸದ ಮಾಲು. ಇವಳ ಕೈಸೇರಿ ಮರುಜನ್ಮ ಪಡೆದಿದೆ. ಯಾರಿಗೆ ಬೇಕು, ಕೇಳಿ." ವ್ಯಾಪಾರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಆಗ ಅಪ್ಪನ ತೊಡೆಯ ಮೇಲೆ ಕೂತು, ಮೂರನೇ ಕೂಗಿಗೆ ತಟ್ಟೆಯ ಮೇಲೆ ಚಮಚ ಬಡಿಯುವ ಹುದ್ದೆಯಲ್ಲಿದ್ದಳು. "ಒಂದು ಸಲ," ಎಂದ ಅಪ್ಪ. ಪಾತ್ರೆ ಹಿಡಿದ ಅಮ್ಮನ ಕೈ ನಡುಗುತ್ತಿತ್ತು, ಇಳಿಸುವ ಹಾಗಿಲ್ಲ, ಒಳಗೆ ಒಯ್ಯುವ ಹಾಗಿಲ್ಲ. "ಎರಡು ಸಲ." ಆಗ ಇವನು ಕೈ ಎತ್ತಿದ. ಅಮ್ಮ ಅಲ್ಲಿಂದ ಬಿಡಿಸಿಕೊಳ್ಳಲಿ ಎಂದು ಎತ್ತಿದ್ದು, ಹಾಗೆಂದು ಹೇಳುವುದಕ್ಕೆ ಮಾತು ಸಾಲದ ವಯಸ್ಸು. "ಮೂರು ಸಲ," ಎಂದ ಅಪ್ಪ, ಟಣ್ ಎಂದಿತು ಚಮಚ. "ಮಾರಾಟ ಆಯ್ತು. ಕೊಂಡವನು ಪೂರ್ತಿ ಒಯ್ಯಬೇಕು ಮಗನೇ. ಅರ್ಧ ಬಿಟ್ಟು ಹೋಗೋ ಹಾಗಿಲ್ಲ." ಪಾತ್ರೆ ಇವನ ಮುಂದೆ ಬಂತು. ಹತ್ತು ಜನಕ್ಕೆ ಮಾಡಿದ್ದು. ವ್ಯಾಪಾರಿಗಳು ಒಂದೊಂದು ತುತ್ತಿಗೂ ಹುರಿದುಂಬಿಸಿದರು, ನೀರು ಕೊಟ್ಟರು, ಬೆನ್ನು ತಟ್ಟಿದರು. ಪಾತ್ರೆಯ ತಳ ಕಾಣುವ ಮೊದಲೇ ಅವನು ಮೇಜಿನ ಮೇಲೆ ಕಾರಿಕೊಂಡ. ಅದನ್ನು ಬಳಿಯುತ್ತಾ ಅಮ್ಮ ಹೇಳಿದ ಮಾತು, ಅಪ್ಪ ಹೇಳಿದ್ದಕ್ಕಿಂತ ಆಳಕ್ಕೆ ಇಳಿದು ಅಲ್ಲೇ ಉಳಿಯಿತು: "ನಿನ್ನ ಯಾರು ಕೈ ಎತ್ತು ಅಂದ್ರು? ನೀನು ಸುಮ್ಮನಿದ್ದಿದ್ರೆ ಅಷ್ಟಕ್ಕೇ ಮುಗೀತಿತ್ತು."

ಅವತ್ತಿನಿಂದ ಹಲ್ಲಿನವನು ಯಾವುದಕ್ಕೂ ಕೈ ಎತ್ತಿದವನಲ್ಲ. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಎತ್ತಲಿಲ್ಲ, ಬಸ್ಸು ನಿಲ್ಲಿಸುವುದಕ್ಕೂ ಬೇರೆಯವರ ಹಿಂದೆ ನಿಲ್ಲುತ್ತಿದ್ದ. ಒಬ್ಬಳು ಬಂದಿದ್ದಳು, ತಾಯಿಯ ಹಲ್ಲುಸೆಟ್ಟು ರಿಪೇರಿ ಮಾಡಿಸುವುದಕ್ಕೆಂದು ಮೊದಲು, ಆಮೇಲೆ ಏನೂ ನೆಪವಿಲ್ಲದೆ. ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದವಳು, ಮೆಲುದನಿ. ಚಹಾಕ್ಕೆ ಕರೆದ ದಿನ ಅಪ್ಪ ಇವನ ಭುಜದ ಮೇಲೆ ಕೈಯಿಟ್ಟು, "ಒಬ್ಬ ಮಗ. ಸ್ವಲ್ಪ ಹಳೇದು, ಬಳಸಿಲ್ಲ. ಸದ್ದು ಮಾಡಲ್ಲ, ಜಾಗ ಹೆಚ್ಚು ಹಿಡಿಯಲ್ಲ," ಎಂದು ಶುರುಮಾಡಿದ. ಅವಳು ನಕ್ಕಳು. ಕೈ ಅಡ್ಡ ಹಿಡಿದು, ತಡೆಯಲಾಗದೆ, ಕಣ್ಣೀರು ಬರುವಷ್ಟು ನಕ್ಕಳು. ಅವಳ ಎಡಗಡೆಯ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಏರಿದ್ದು ಇವನಿಗೆ ಆಗಲೇ ಕಾಣಿಸಿದ್ದು. ಅವಳು ಮತ್ತೆ ಬರಲಿಲ್ಲ, ಅಥವಾ ಬಂದಾಗ ಇವನು ಬಾಗಿಲು ತೆಗೆಯಲಿಲ್ಲ. ಎರಡೂ ನಿಜವಿರಬಹುದು. ಮುಚ್ಚಳ ಮತ್ತೆ ಅವನ ಕೈಯಲ್ಲಿತ್ತು, ಆವಿಯೆಲ್ಲ ಹೋಗಿ ಬಿಲ್ಲೆಗಳು ಬೆಳ್ಳಗೆ ಅವನನ್ನೇ ನೋಡುತ್ತಿದ್ದವು. ಎಷ್ಟು ಹೊತ್ತಿನಿಂದ ಹೀಗೆ ಹಿಡಿದು ನಿಂತಿದ್ದೆನೋ ಎಂದು ಗಾಬರಿಯಾಗಿ ದಬಕ್ಕನೆ ಮುಚ್ಚಿದ.

ಅಪ್ಪನಿಗೆ ಗಡ್ಡ ಹೆರೆದು, ಮುಖ ಒರೆಸಿ, ಒಗೆದ ಅಂಗಿ ತಂದರೆ ಅಪ್ಪ ಹಾಕಿದ ಅಂಗಿ ಬಿಚ್ಚಲೊಲ್ಲ. ಜೇಬಿನ ಮೇಲೆ ಕೈ ಒತ್ತಿಕೊಂಡು ತಲೆಯಾಡಿಸಿದ. ಜೇಬಿಗೆ ಗುಂಡಿ ಹಾಕಿತ್ತು. ಮುದುಕರು ಜೇಬಿನಲ್ಲಿ ಏನೇನೋ ಇಟ್ಟುಕೊಳ್ಳುತ್ತಾರೆ, ಹಳೆಯ ಬೀಗದ ಕೈ, ಬಿಸ್ಕತ್ತಿನ ಚೂರು. "ಹೋಗ್ಲಿ ಬಿಡಿ, ಅಕ್ಕನ ಮನೇಲಿ ಹೊಸದು ಹಾಕ್ಕೊಳ್ಳಿ," ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡ. ಗುಳಿಬಿದ್ದ ಕೆನ್ನೆಯ ಮೇಲಿಂದ ಅಪ್ಪನ ಕಣ್ಣು ಇವನ ಮೇಲೆ ನೆಟ್ಟಿತ್ತು, ಚೀಲದ ಬಾಯಿ ಬಿಚ್ಚಿ ಮಾಲು ನೋಡುವವನ ಹಾಗೆ.

ಅಕ್ಕ ಬಂದಳು, ಹಿಂದೆ ಭಾವ. ಭಾವ ಯಾವ ವಿಷಯಕ್ಕೂ ತಲೆಹಾಕದ, ಯಂತ್ರ ಕಂಡರೆ ಮಾತ್ರ ಜೀವ ಬರುವ ಮನುಷ್ಯ. ಅಕ್ಕ ಬಾಗಿಲಲ್ಲೇ ನಿಂತು ಅಪ್ಪನನ್ನು ದೂರದಿಂದ ನೋಡಿದಳು, ಕಚ್ಚುವ ನಾಯಿಗೆ ವಯಸ್ಸಾಗಿದೆಯಂತೆ ಎಂದು ಕೇಳಿ ಬಂದವರ ಹಾಗೆ. ಅಪ್ಪ ತಲೆಯಾಡಿಸಿದ, ತುಟಿಯನ್ನು ಒಳಕ್ಕೆ ಎಳೆದುಕೊಂಡ. ಅಕ್ಕನ ಭುಜ ಕೆಳಗಿಳಿಯಿತು. ಹತ್ತಿರ ಹೋಗಿ ಅಪ್ಪನ ಕೈ ಹಿಡಿದುಕೊಂಡಳು, ಅವಳ ಕಣ್ಣಲ್ಲಿ ನೀರೂ ಬಂತು.

"ಎಷ್ಟು ಇಳಿದುಹೋಗಿದ್ದಾರೆ," ಎಂದಳು ಅಡುಗೆಮನೆಗೆ ಬಂದು. "ಪಾಪ. ನಿಜವಾಗ್ಲೂ ಮಾತಾಡಲ್ವಲ್ಲೋ."

"ನಾನೇನು ಸುಳ್ಳು ಹೇಳ್ತೀನಾ ಅಕ್ಕ? ಇದೊಂದು ಇದ್ರೆ ಸಾಕು ಅವರಿಗೆ. ಬೆಳಗ್ಗೆ ಹಾಕಿ ಮರೆತುಬಿಡೋದು, ಮಧ್ಯಾಹ್ನಕ್ಕೆ ಬಾಯಲ್ಲಿ ಕರಗುತ್ತೆ. ನಿನಗೆ ಒಂದಿಷ್ಟೂ ತ್ರಾಸಿಲ್ಲ."

"ಮೇಲಿನ ಕೋಣೆ ಖಾಲೀನೇ ಇದೆ," ಎಂದಳು ಅಕ್ಕ, ಗಂಡನ ಕಡೆ ನೋಡಿ. ಭಾವ ಕುಕ್ಕರನ್ನು ಬಗ್ಗಿ ನೋಡುತ್ತಿದ್ದ. "ಕರೆಂಟು ತುಂಬ ಎಳೆಯುತ್ತಾ ಇದು?" ಎಂದ. "ಇಲ್ಲ ಭಾವ, ಒಂದು ಬಲ್ಬಿನಷ್ಟು." "ಹಾಗಾದ್ರೆ ಪರವಾಗಿಲ್ಲ," ಎಂದ ಭಾವ. ಅಪ್ಪನ ವಿಷಯದಲ್ಲಿ ಅವನ ಒಪ್ಪಿಗೆ ಅಷ್ಟರಲ್ಲೇ ಮುಗಿದಂತಿತ್ತು. ಹಲ್ಲಿನವನಿಗೆ ಕಾಲು ನೆಲದ ಮೇಲಿಲ್ಲದಂತಾಯಿತು.

ಮೇಜಿನ ಸುತ್ತ ಕೂತರು. ಹಲ್ಲಿನವನು ಟವೆಲ್ಲು ಮಡಿಸಿ, ಕುಕ್ಕರಿನೊಳಗಿನ ಪಿಂಗಾಣಿ ಪಾತ್ರೆಯನ್ನು ಎತ್ತಿ ತಂದು ಮೊದಲು ಅಪ್ಪನಿಗೆ ಬಡಿಸಿದ. ಬಿಲ್ಲೆಗಳು ಒಂದರ ಮೇಲೊಂದು ಬಾಗಲಿಲ್ಲ, ಹಂಚಿನ ಚೂರುಗಳ ಹಾಗೆ ಸೆಟೆದು ನಿಂತವು. ಅಪ್ಪ ಒಂದನ್ನು ಬಾಯಿಗಿಟ್ಟುಕೊಂಡ. ವಸಡಿನ ಮೇಲೆ ಅದು ಆ ಕಡೆ ಈ ಕಡೆ ಹೊರಳಿತು, ಕೆನ್ನೆ ಉಬ್ಬಿತು, ತಗ್ಗಿತು, ಕೊನೆಗೆ ಬಿಲ್ಲೆ ಇಡಿಯಾಗಿ, ಎಂಜಲಿನಿಂದ ಹೊಳೆಯುತ್ತಾ ತಟ್ಟೆಗೆ ಬಿತ್ತು. ಅಪ್ಪ ಅದನ್ನು ಎತ್ತಿ ಮತ್ತೆ ಬಾಯಿಗೆ ಹಾಕಿಕೊಂಡ. ಮತ್ತೆ ಬಿತ್ತು. ಹಾಲು ಗದ್ದದಿಂದ ಅಂಗಿಗೆ ಇಳಿಯಿತು. ಭಾವ ಗೋಡೆ ನೋಡತೊಡಗಿದ.

"ಇದೇನಾ ಕರಗೋದು?" ಎಂದಳು ಅಕ್ಕ. ದನಿ ಬದಲಾಗಿತ್ತು. "ಊರಿಗೆಲ್ಲ ಹಲ್ಲು ಕಟ್ಟಿಕೊಡ್ತೀಯ. ಅಪ್ಪನ ಹಲ್ಲೆಲ್ಲಿ?"

"ವಸಡು ಒಣಗಿಲ್ಲ ಅಕ್ಕ. ಇವತ್ತು ಯಾಕೋ ಬೆಂದಿಲ್ಲ, ಅಷ್ಟೆ. ತಾಳು, ಇನ್ನೊಂದು ಸ್ವಲ್ಪ ಇಡ್ತೀನಿ," ಎಂದು ಅವನು ಅವಸರದಲ್ಲಿ ಟವೆಲ್ಲನ್ನು ಸರಿಯಾಗಿ ಮಡಿಸದೆ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಮುಚ್ಚಳ ತೆಗೆದದ್ದು ಎಷ್ಟು ಸಲವೋ. ಅಮ್ಮನ ಕಲ್ಲು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ.

ಅಪ್ಪ ಅಂಗೈ ಮೇಲೆತ್ತಿ ಅವನನ್ನು ತಡೆದ. ಆಮೇಲೆ ಇನ್ನೊಂದು ಕೈಯಿಂದ ನಿಧಾನವಾಗಿ ಜೇಬಿನ ಗುಂಡಿ ಬಿಚ್ಚಿದ. ಒಂದು ಕರವಸ್ತ್ರ ಹೊರಬಂತು, ಒದ್ದೆಯಾಗಿತ್ತು. ಅದರೊಳಗೆ ಗುಲಾಬಿ ವಸಡು, ವಾರೆಯಾದ ಕೋರೆಹಲ್ಲು. ಹಲ್ಲಿನವನು ಕೂರಲು ಹೋದ, ಆದರೆ ಪಾತ್ರೆ ಕೈಯಲ್ಲಿತ್ತು. ಅಪ್ಪ ಯಾವಾಗ ಡ್ರಾಯರು ಎಳೆದಿದ್ದ, ಎಷ್ಟು ದಿನದಿಂದ ಬಾಯಿಯನ್ನು ಎದೆಯ ಮೇಲಿಟ್ಟುಕೊಂಡು, ಆಲೂಗಡ್ಡೆ ನುಂಗುತ್ತಾ, ಇವನ ಮುಖ ನೋಡುತ್ತಾ ಕೂತಿದ್ದ? ತಾನು ಅಪ್ಪನನ್ನು ನೋಡುತ್ತಿದ್ದೇನೆ ಎಂದುಕೊಂಡಿದ್ದ ಆ ಎಲ್ಲ ಊಟದ ಹೊತ್ತುಗಳೂ ಈಗ ತಿರುಗಿ ನಿಂತವು. ಅಪ್ಪ ಮೇಲಿನದನ್ನು ಒತ್ತಿಕೊಂಡ, ಕೆಳಗಿನದನ್ನು ಒತ್ತಿಕೊಂಡ, ಕೆನ್ನೆ ತುಂಬಿಕೊಂಡಿತು. ತಟ್ಟೆಯ ಬಿಲ್ಲೆಯನ್ನು ಎತ್ತಿ ಕರುಂ ಎಂದು ಕಡಿದ. ಅಗಿದು, ನುಂಗಿ, ಹೇಳಿದ:

"ಬೆಂದಿಲ್ಲ."

ಅದೇ ಗಂಟಲು. ಅಕ್ಕ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದಳು.

"ಕೂತ್ಕೋಬೇಡ, ಹಾಗೇ ನಿಂತಿರು," ಎಂದ ಅಪ್ಪ ಮಗನಿಗೆ. ಆಮೇಲೆ ಅಳಿಯನ ಕಡೆ ತಿರುಗಿ, ಎಷ್ಟೋ ತಿಂಗಳಿಂದ ಕೂಡಿಟ್ಟ ದನಿಯನ್ನು ಬಿಚ್ಚಿದ. "ನೋಡಿ ಸ್ವಾಮಿ. ಒಬ್ಬ ಮುದುಕ. ಕಾಲು ಗಟ್ಟಿ ಇದೆ, ತಾನೇ ಓಡಾಡ್ತಾನೆ. ಕಣ್ಣು ಪರವಾಗಿಲ್ಲ. ಕಿವಿ ಚುರುಕು, ಫೋನಲ್ಲಿ ಆಡಿದ್ದೂ ಕೇಳುತ್ತೆ. ಹಲ್ಲು ಹೊಸದು, ಸ್ವಂತ ಮಗನೇ ಮಾಡಿದ್ದು, ಮಾಡಿ ಭದ್ರವಾಗಿ ಇಟ್ಟಿದ್ದು. ಯಾರಿಗೆ ಬೇಕು, ಕೇಳಿ."

"ಅಪ್ಪ, ಸಾಕು ಮಾಡಿ," ಎಂದಳು ಅಕ್ಕ.

"ಒಂದು ಸಲ," ಎಂದ ಅಪ್ಪ, ಮಗಳನ್ನೇ ನೋಡುತ್ತಾ. ಮಗಳು ಗಂಡನನ್ನು ನೋಡಿದಳು. ಗಂಡ ಅಡುಗೆಮನೆಯ ಬಾಗಿಲಲ್ಲಿ ಕಾಣುತ್ತಿದ್ದ ಕುಕ್ಕರನ್ನು ನೋಡಿದ. ಮೇಲಿನ ಕೋಣೆ ಖಾಲಿಯಿದೆ ಎಂದವಳು ಈಗ ತಟ್ಟೆಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ಅವಳ ಬಲಗೈ ಎಲ್ಲೋ ಚಮಚ ಹುಡುಕಿಕೊಂ‌ಡಿತ್ತು.

"ಎರಡು ಸಲ."

ಗಡಿಯಾರದ ಸದ್ದು ಕೇಳಿಸಿತು. ಪಾತ್ರೆ ಹಿಡಿದು ನಿಂತ ಹಲ್ಲಿನವನಿಗೆ ಅಮ್ಮನ ಕೈ ಅವತ್ತು ಯಾಕೆ ನಡುಗುತ್ತಿತ್ತು ಎಂದು ತಿಳಿಯಿತು: ಅವಮಾನಕ್ಕಲ್ಲ, ಬಿಸಿಗೆ. ಟವೆಲ್ಲಿನ ಮಡಿಕೆ ಬಿಚ್ಚಿಕೊಂಡು ಒಂದು ಕಡೆ ಜಾರಿತ್ತು, ಪಿಂಗಾಣಿ ನೇರವಾಗಿ ಬೆರಳಿಗೆ ತಗುಲಿತ್ತು. ಇನ್ನೊಂದು ಕ್ಷಣ, ಅಪ್ಪನೇ ನಗುತ್ತಾ ಬಿಟ್ಟುಬಿಡುತ್ತಾನೆ, ಯಾರೂ ಕೇಳದಿದ್ದರೆ ಅಷ್ಟಕ್ಕೇ ಮುಗಿಯುತ್ತದೆ ಎಂದು ಹಲ್ಲು ಕಚ್ಚಿ ತಡೆದ. ಚರ್ಮ ಚುರ್ ಎಂದಿತು. ಪಾತ್ರೆಯನ್ನು ಧಡಕ್ಕನೆ ಮೇಜಿಗೆ ಕುಕ್ಕಿದವನ ಕೈ, ಸುಟ್ಟ ಕೈಗಳೆಲ್ಲ ಮಾಡುವಂತೆ, ತಾನಾಗಿ ಮೇಲೆ ಹಾರಿ ಕಿವಿಯ ತುದಿಯನ್ನು ಹಿಡಿಯಿತು.

"ಮೂರು ಸಲ," ಎಂದ ಅಪ್ಪ.

ಟಣ್ ಎಂದಿತು ಅಕ್ಕನ ಚಮಚ. ಬಡಿದದ್ದು ತಾನೇ ಎಂದು ತಿಳಿದು ಅವಳು ಅದನ್ನು ತಟ್ಟೆಯ ಕೆಳಗೆ ಸರಿಸಿದಳು, ಆದರೆ ಮುಖದ ಮೇಲೆ ಹರಡಿದ ನಿರಾಳವನ್ನು ಸರಿಸುವುದಕ್ಕೆ ಜಾಗವಿರಲಿಲ್ಲ. ಭಾವ ಉಸಿರು ಬಿಟ್ಟು, ನೀರಿನ ಲೋಟ ಎತ್ತಿಕೊಂಡ.

"ಸುಟ್ಟಿತು ಅಪ್ಪ. ಕೈ ಸುಟ್ಟಿದ್ದಕ್ಕೆ ಎತ್ತಿದ್ದು," ಎಂದ ಹಲ್ಲಿನವನು. ಅವನ ದನಿ ಅವನಿಗೇ ಚಿಕ್ಕ ಹುಡುಗನದಾಗಿ ಕೇಳಿತು.

"ಯಾಕೆ ಎತ್ತಿದೆ ಅಂತ ಹರಾಜಿನವನು ಕೇಳಲ್ಲ," ಎಂದ ಅಪ್ಪ. ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡು ಇನ್ನೊಂದು ಬಿಲ್ಲೆ ಕಡಿದ. "ಕೊಂಡವನು ಪೂರ್ತಿ ಒಯ್ಯಬೇಕು. ಗೊತ್ತಲ್ಲ ಮಗನೇ."

ಆಮೇಲೆ ಅಪ್ಪ ನಕ್ಕ. ತಲೆ ಹಿಂದಕ್ಕೆ ಹಾಕಿ, ಗಂಟಲ ತಳದಿಂದ, ಬೀದಿಗೆ ಕೇಳುವ ಹಾಗೆ ಬಾಯಿ ತುಂಬ ನಕ್ಕ. ಅಕ್ಕನೂ ನಕ್ಕಳು, ಭಾವನೂ. ಹಲ್ಲಿನವನು ಕಿವಿ ಹಿಡಿದುಕೊಂಡೇ ಅಪ್ಪನ ಬಾಯಿಯನ್ನು ನೋಡುತ್ತಾ ನಿಂತಿದ್ದ. ಮೇಲಿನ ಸೆಟ್ಟು ಕೂದಲೆಳೆಯಷ್ಟೂ ಜಾರಲಿಲ್ಲ.